ಬೆಳೆಯುವ ಮೈ, ಇಳಿಯಬೇಕಾದ ತೂಕ: ಹದಿಹರೆಯದವರಿಗೆ ಯಾವ ದಾರಿ ಸರಿ?

150 ಸೆಂಟಿಮೀಟರ್ ಎತ್ತರ, 58 ಕಿಲೋ ತೂಕದ ಹದಿಮೂರು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ದಿನವೂ ಸಂಜೆ ನಡೆಯುತ್ತಾನೆ, ಸಿಹಿ ಪಾನೀಯ ಬಿಟ್ಟಿದ್ದಾನೆ. ಒಂದು ವರ್ಷದ ನಂತರ ತೂಕದ ಯಂತ್ರ ಮತ್ತೆ 58 ಎಂದೇ ತೋರಿಸುತ್ತದೆ. ಇಷ್ಟೆಲ್ಲ ಮಾಡಿದ್ದು ವ್ಯರ್ಥವಾಯಿತೆಂದು ಹುಡುಗ ಮುಖ ಸಪ್ಪಗೆ ಮಾಡಿಕೊಳ್ಳುತ್ತಾನೆ. ಆದರೆ ಆ ಒಂದು ವರ್ಷದಲ್ಲಿ ಅವನ ಎತ್ತರ 156 ಸೆಂಟಿಮೀಟರ್ ಆಗಿದೆ. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಬಿಎಂಐ 25.8ರಿಂದ 23.8ಕ್ಕೆ ಬಂದಿದೆ. ಒಂದು ಗ್ರಾಂ ಕೂಡ ಕಳೆದುಕೊಳ್ಳದೆ ಅವನು ತೆಳ್ಳಗಾಗಿದ್ದಾನೆ.

ಈ ಅನುಕೂಲ ದೊಡ್ಡವರಿಗಿಲ್ಲ, ಬೆಳೆಯುವವರಿಗೆ ಮಾತ್ರ ಇದೆ. ಹಾಗಾಗಿಯೇ, ದೊಡ್ಡವರಿಗೆಂದು ಹೇಳಿದ ತೂಕದ ಸಲಹೆಗಳನ್ನು ಹದಿಹರೆಯದವರು ಇದ್ದ ಹಾಗೆಯೇ ಎತ್ತಿಕೊಂಡರೆ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಇಲ್ಲಿ ಹೋಲಿಸಿರುವ ಆಯ್ಕೆಗಳನ್ನೆಲ್ಲ ನಾನು ಒಂದೇ ಪ್ರಶ್ನೆಯಿಟ್ಟು ತೂಗಿದ್ದೇನೆ: ಇದು ಬೆಳವಣಿಗೆಯ ಪಾಲನ್ನು ಕಸಿಯುತ್ತದೆಯೋ, ಬೆಳವಣಿಗೆಯ ಜೊತೆಗೆ ಸಾಗುತ್ತದೆಯೋ?

ಇಳಿಸುವುದೋ, ಇದ್ದಲ್ಲೇ ನಿಲ್ಲಿಸುವುದೋ

ಮೊದಲ ಆಯ್ಕೆ ಇದೇ. ಬಹಳಷ್ಟು ಮಂದಿ ಇದನ್ನು ಆಯ್ಕೆಯೆಂದೇ ಗುರುತಿಸದೆ ನೇರವಾಗಿ ಊಟ ಬಿಡಲು ಹೊರಡುತ್ತಾರೆ.

ಬಿಎಂಐ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು ಎಂಬ ಲೆಕ್ಕ ವಯಸ್ಕರದು. ಮಕ್ಕಳಿಗೂ ಹದಿಹರೆಯದವರಿಗೂ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆ ನೋಡಬೇಕು. ಅದೇ ವಯಸ್ಸು, ಅದೇ ಲಿಂಗದ ನೂರು ಮಕ್ಕಳಲ್ಲಿ ಎಷ್ಟು ಮಂದಿಗಿಂತ ಬಿಎಂಐ ಹೆಚ್ಚಿದೆ ಎಂದು ಹೇಳುವ ಅಂಕಿಯೇ ಪರ್ಸೆಂಟೈಲ್. ಅಮೆರಿಕದ ನಕ್ಷೆಗಳ ಪ್ರಕಾರ 85ರಿಂದ 95ನೇ ಪರ್ಸೆಂಟೈಲ್ ಒಳಗಿನವರು ಹೆಚ್ಚು ತೂಕದವರು, 95 ಅಥವಾ ಅದಕ್ಕೂ ಮೇಲಿನವರು ಬೊಜ್ಜಿನ ಗುಂಪಿನವರು. ವಿಶ್ವ ಆರೋಗ್ಯ ಸಂಸ್ಥೆಯು 5ರಿಂದ 19 ವರ್ಷದವರಿಗಾಗಿ 2007ರಲ್ಲಿ ತನ್ನದೇ ನಕ್ಷೆಗಳನ್ನು ಹೊರತಂದಿತು. ಯಾವ ನಕ್ಷೆ ಬಳಸಿದರೂ ಒಂದು ದಿನದ ಒಂದು ಚುಕ್ಕೆಗಿಂತ ಎರಡು ಮೂರು ವರ್ಷಗಳ ಗೆರೆ ಹೆಚ್ಚು ಹೇಳುತ್ತದೆ. ಮೊದಲಿನಿಂದಲೂ ಒಂದೇ ಹಾದಿಯಲ್ಲಿ ಬೆಳೆಯುತ್ತಿರುವ ದಪ್ಪ ಮೂಳೆಗಟ್ಟಿನ ಹುಡುಗಿ ಬೇರೆ, ಆರು ತಿಂಗಳಲ್ಲಿ ಗೆರೆ ದಿಢೀರನೆ ಮೇಲೆ ಹಾರಿದ ಹುಡುಗಿ ಬೇರೆ.

ಪ್ರಾಯಕ್ಕೆ ಬರುವಾಗ ಮೈ ತುಂಬಿಕೊಳ್ಳುವುದು ಸಹಜ. ಸರಾಸರಿ ನೋಡಿದರೆ ಹುಡುಗಿಯರ ಎತ್ತರ ಹನ್ನೆರಡರ ಆಸುಪಾಸಿನಲ್ಲಿ, ಹುಡುಗರದು ಹದಿನಾಲ್ಕರ ಆಸುಪಾಸಿನಲ್ಲಿ ಅತಿ ವೇಗವಾಗಿ ಏರುತ್ತದೆ. ಹುಡುಗಿಯರ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಈ ಬದಲಾವಣೆಯ ಭಾಗವೇ ಹೊರತು ಕಾಯಿಲೆಯಲ್ಲ. ಅದನ್ನು ಬೊಜ್ಜೆಂದು ತಿಳಿದು ಹಸಿದುಕೊಂಡಿರುವ ಹುಡುಗಿಯರನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನಕ್ಷೆಯಲ್ಲಿ ಆರೋಗ್ಯಕರ ಮಟ್ಟದೊಳಗಿದ್ದರೆ ತೂಕದ ಗೊಡವೆ ಬಿಟ್ಟು ಶಕ್ತಿ, ದಮ್ಮು ಬೆಳೆಸುವುದನ್ನು ಆರಿಸಿಕೊಳ್ಳಿ. 85ರಿಂದ 95ರ ನಡುವೆ ಇದ್ದು ಇನ್ನೂ ಎತ್ತರ ಬೆಳೆಯುತ್ತಿದ್ದರೆ ತೂಕವನ್ನು ಇದ್ದಲ್ಲೇ ನಿಲ್ಲಿಸುವುದು, ಇಲ್ಲವೇ ನಿಧಾನವಾಗಿ ಮಾತ್ರ ಏರಲು ಬಿಡುವುದು ಒಳ್ಳೆಯ ಆಯ್ಕೆ. 95ರ ಮೇಲಿದ್ದರೆ ಅಥವಾ ಎತ್ತರ ಬೆಳೆದು ಮುಗಿದಿದ್ದರೆ ಇಳಿಸುವ ಮಾತು ಬರುತ್ತದೆ, ಅದೂ ವೈದ್ಯರ ಜೊತೆ ಕೂತು. ಹಾಗೆ ಇಳಿಸುವವರಿಗೂ ಅಮೆರಿಕದ ತಜ್ಞರ ಸಮಿತಿ 2007ರಲ್ಲಿ ಹಾಕಿದ ಮಿತಿ ವಾರಕ್ಕೆ ಸರಾಸರಿ ಎರಡು ಪೌಂಡ್, ಅಂದರೆ ಸುಮಾರು 900 ಗ್ರಾಂ. ಇದು ಮುಟ್ಟಲೇಬೇಕಾದ ಗುರಿಯಲ್ಲ, ದಾಟಬಾರದ ಗಡಿ. ಅದರ ಕಾಲು ಭಾಗದಷ್ಟೇ ಇಳಿದರೂ ನಾನು ಚೆನ್ನಾಗಿದೆ ಎನ್ನುತ್ತೇನೆ.

ಊಟ ಕಡಿಯುವುದೋ, ಊಟ ಬದಲಿಸುವುದೋ

ಒಂದು ಹೊತ್ತಿನ ಊಟ ಬಿಡುವುದು, ಹದಿನಾರು ಗಂಟೆ ಉಪವಾಸ, ಮೂರು ದಿನ ಹಣ್ಣಿನ ರಸ ಮಾತ್ರ, ಧಾನ್ಯವನ್ನು ಪೂರ್ತಿ ತೊರೆಯುವುದು. ಹೆಸರು ಬೇರೆಯಾದರೂ ಇವೆಲ್ಲ ಒಂದೇ ಜಾತಿಯವು. ಇವುಗಳ ಆಕರ್ಷಣೆ ಮೊದಲ ವಾರದಲ್ಲಿದೆ: ಎರಡು ಕಿಲೋ ಇಳಿಯಿತು ಎಂಬ ಸಂಭ್ರಮ. ಅದರಲ್ಲಿ ಹೆಚ್ಚಿನದು ನೀರು. ದೇಹವು ಸಕ್ಕರೆಯನ್ನು ಗ್ಲೈಕೊಜೆನ್ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೊಜೆನ್ ತನ್ನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ತಿನ್ನುವುದು ಕಡಿಮೆಯಾದಾಗ ಆ ದಾಸ್ತಾನು ಖಾಲಿಯಾಗಿ ನೀರೂ ಹೊರಹೋಗುತ್ತದೆ. ಸರಿಯಾಗಿ ಉಂಡ ದಿನ ಎರಡೂ ಹಿಂದಿರುಗುತ್ತವೆ. ಕೊಬ್ಬು ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ.

ಹಸಿವು ಮೈಯನ್ನು ಮಾತ್ರ ಹಿಡಿಯುವುದಿಲ್ಲ, ಮನಸ್ಸನ್ನೂ ಹಿಡಿಯುತ್ತದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನೇತೃತ್ವದಲ್ಲಿ 36 ಆರೋಗ್ಯವಂತ ಯುವಕರು ಸ್ವಯಂಪ್ರೇರಿತರಾಗಿ ಆರು ತಿಂಗಳು ಅರೆಹೊಟ್ಟೆ ಉಂಡರು. ತೂಕ ಇಳಿಯಿತು. ಜೊತೆಗೆ ಸಿಡುಕು, ಖಿನ್ನತೆ, ಸದಾ ಚಳಿ, ಹಗಲು ರಾತ್ರಿ ಊಟದ್ದೇ ಧ್ಯಾನ ಶುರುವಾಯಿತು. ಪ್ರಯೋಗ ಮುಗಿದ ಮೇಲೆ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಾಗುತ್ತಿರಲಿಲ್ಲ. ಬೆಳೆದು ನಿಂತ ಗಂಡಸರ ಪಾಡೇ ಹೀಗಾದರೆ, ಪರೀಕ್ಷೆ, ಗೆಳೆತನ, ಬದಲಾಗುತ್ತಿರುವ ಮೈ ಎಲ್ಲವನ್ನೂ ಒಟ್ಟಿಗೆ ನಿಭಾಯಿಸುತ್ತಿರುವ ಹದಿನೈದರ ಹುಡುಗನಿಗೆ ಅರೆಹೊಟ್ಟೆ ಏನು ಮಾಡೀತು? ಇಡೀ ದಿನ ತಡೆದುಕೊಂಡ ಹಸಿವು ಸಂಜೆ ಕಟ್ಟೆಯೊಡೆಯುತ್ತದೆ. ಸಿಕ್ಕಿದ್ದನ್ನೆಲ್ಲ ತಿಂದ ಮೇಲೆ ತನ್ನ ಮೇಲೆಯೇ ಅಸಹ್ಯ, ಮರುದಿನ ಮತ್ತೆ ಉಪವಾಸ. ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ ಇದನ್ನು ಗಂಭೀರವಾಗಿ ಎತ್ತಿಕೊಂಡು, ಹದಿಹರೆಯದವರ ಡಯಟಿಂಗ್ ಬೊಜ್ಜಿಗೂ ತಿನ್ನುವ ಕಾಯಿಲೆಗಳಿಗೂ (ಹಸಿದೇ ಇರುವ, ಮಿತಿಮೀರಿ ತಿನ್ನುವ, ತಿಂದದ್ದನ್ನು ಕಕ್ಕುವ ಮಾನಸಿಕ ಕಾಯಿಲೆಗಳಿಗೂ) ಬಾಗಿಲು ತೆರೆಯುತ್ತದೆ ಎಂದು ಎಚ್ಚರಿಸಿತು. ಬೊಜ್ಜು ತಪ್ಪಿಸಲು ಹಿಡಿದ ದಾರಿ ಬೊಜ್ಜಿಗೇ ಕರೆದೊಯ್ಯಬಹುದು ಎಂಬ ಮಾತನ್ನು ಪ್ರತಿ ಮನೆಯಲ್ಲೂ ತಿಳಿದಿರಬೇಕು.

ಇನ್ನು ಮೂಳೆಯ ಲೆಕ್ಕ. ಎತ್ತರ ಅತಿ ವೇಗವಾಗಿ ಬೆಳೆಯುವ ಕಾಲದ ಸುತ್ತಲಿನ ಎರಡು ವರ್ಷಗಳಲ್ಲೇ ವಯಸ್ಕರ ಮೂಳೆಯ ಖನಿಜದ ಸುಮಾರು ಕಾಲು ಭಾಗ ಕೂಡಿಕೊಳ್ಳುತ್ತದೆ. ಆ ಎರಡು ವರ್ಷ ಹಾಲು, ಮೊಸರು, ಕಾಳು, ಸೊಪ್ಪುಗಳನ್ನು ತೂಕದ ಭಯಕ್ಕೆ ದೂರವಿಟ್ಟರೆ ಅದೇ ಅವಕಾಶ ಮುಂದೆಂದೂ ಅಷ್ಟು ದೊಡ್ಡದಾಗಿ ಸಿಗುವುದಿಲ್ಲ.

ಹಾಗಾದರೆ ಬದಲಿಸುವ ದಾರಿ ಹೇಗಿರುತ್ತದೆ? ಒಂದೇ ಒಂದು ಬದಲಾವಣೆ ಆರಿಸಿಕೊಳ್ಳಿ ಎಂದರೆ ನಾನು ಕಣ್ಣುಮುಚ್ಚಿ ಸಿಹಿ ಪಾನೀಯದ ಕಡೆ ಕೈ ತೋರಿಸುತ್ತೇನೆ. 330 ಮಿಲಿಲೀಟರಿನ ಒಂದು ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಒಂಬತ್ತು ಟೀ ಚಮಚದಷ್ಟು. ಅದು ಹೊಟ್ಟೆ ತುಂಬಿಸುವುದಿಲ್ಲ, ಮುಂದಿನ ಊಟವನ್ನು ಅಷ್ಟಾಗಿ ಕಡಿಮೆಯೂ ಮಾಡುವುದಿಲ್ಲ. ಅದನ್ನು ಬಿಟ್ಟು ನೀರು ಕುಡಿದರೆ ಬೆಳವಣಿಗೆಗೆ ಬೇಕಾದ ಯಾವ ವಸ್ತುವೂ ತಪ್ಪುವುದಿಲ್ಲ. ನನ್ನ ಪ್ರಶ್ನೆಗೆ ಇಷ್ಟು ನಿಚ್ಚಳವಾಗಿ ಉತ್ತರಿಸುವ ಆಯ್ಕೆ ಇನ್ನೊಂದಿಲ್ಲ. ಎರಡನೆಯದು ತಟ್ಟೆಯ ಹಂಚಿಕೆ: ಅರ್ಧ ತರಕಾರಿ ಮತ್ತು ಹಣ್ಣು, ಕಾಲು ಭಾಗ ಧಾನ್ಯ, ಉಳಿದ ಕಾಲು ಭಾಗ ಕಾಳು, ಮೊಟ್ಟೆ, ಮೀನು ಮುಂತಾದ ಪ್ರೋಟೀನು. ಇಲ್ಲಿ ಯಾವುದಕ್ಕೂ ನಿಷೇಧವಿಲ್ಲ, ಪ್ರಮಾಣವಷ್ಟೇ ಸರಿದಾಡುತ್ತದೆ. ಬೆಳಗಿನ ತಿಂಡಿ ತಪ್ಪಿಸದಿರುವುದು, ಪರದೆ ನೋಡುತ್ತಾ ತಿನ್ನದಿರುವುದು, ಸಾಧ್ಯವಾದಷ್ಟು ಮನೆಯವರ ಜೊತೆ ಕೂತು ಉಣ್ಣುವುದು ಇವೂ ಈ ದಾರಿಯವೇ.

ಕ್ಯಾಲೊರಿ ಎಣಿಸುವ ಆ್ಯಪ್ ಬೇಕೇ? ವಯಸ್ಕರಲ್ಲಿ ಕೆಲವರಿಗೆ ಅದು ನೆರವಾಗುತ್ತದೆ. ಹದಿಹರೆಯದವರಿಗೆ ನಾನು ಬೇಡ ಎನ್ನುತ್ತೇನೆ. ಪ್ರತಿ ತುತ್ತಿಗೂ ಅಂಕ ಕೊಡುವ ಅಭ್ಯಾಸ ಕೆಲವು ಮಕ್ಕಳಲ್ಲಿ ಗೀಳಾಗಿ ಬೆಳೆಯುತ್ತದೆ, ಮೇಲಾಗಿ ಎತ್ತರ ಬೆಳೆಯುವ ತಿಂಗಳಲ್ಲಿ ಹೆಚ್ಚುವ ಹಸಿವಿನ ಲೆಕ್ಕ ಆ ಆ್ಯಪ್‌ಗೆ ತಿಳಿಯುವುದಿಲ್ಲ. ತೂಕ ಇಳಿಸುವ ಮಾತ್ರೆ, ಚಹಾ, ಪುಡಿಗಳನ್ನು ಹೋಲಿಕೆಗೇ ತರುವುದಿಲ್ಲ. ವೈದ್ಯರು ಪರೀಕ್ಷಿಸಿ ಬರೆದುಕೊಟ್ಟದ್ದಲ್ಲದಿದ್ದರೆ ಅವುಗಳನ್ನು ಮುಟ್ಟಬೇಡಿ. ಪ್ರೋಟೀನ್ ಪುಡಿಯೂ ಬೇಕಿಲ್ಲ. 14ರಿಂದ 18 ವರ್ಷದವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 0.85 ಗ್ರಾಂ ಪ್ರೋಟೀನು ಸಾಕು ಎಂಬುದು ಅಮೆರಿಕದ ಶಿಫಾರಸು. 60 ಕಿಲೋದವರಿಗೆ ಅದು 51 ಗ್ರಾಂ, ಎಲ್ಲ ಬಗೆಯನ್ನೂ ಉಣ್ಣುವವರಿಗೆ ಊಟದಲ್ಲೇ ಸಿಗುತ್ತದೆ.

ನಡಿಗೆ, ಓಟ, ಸೈಕಲ್, ಈಜು, ಹಗ್ಗದಾಟ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಬೇಕೆನ್ನುತ್ತದೆ, ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಮೂಳೆ ಬಲಪಡಿಸುವ ಕೆಲಸ. ಇಡೀ ದಿನ ಕೂತೇ ಇರುವ ಹುಡುಗನಿಗೆ 60 ಎಂಬ ಅಂಕಿ ಬೆಟ್ಟದಂತೆ ಕಾಣುತ್ತದೆ. ಅದೇ ಮಾರ್ಗಸೂಚಿ ಒಂದಿಷ್ಟಾದರೂ ಮಾಡುವುದು ಏನೂ ಮಾಡದಿರುವುದಕ್ಕಿಂತ ಮೇಲು ಎಂದೂ ಹೇಳುತ್ತದೆ. ಹತ್ತು ನಿಮಿಷದಿಂದ ಶುರು ಮಾಡಿದರೆ ಯಾವ ತಪ್ಪೂ ಇಲ್ಲ.

ಶ್ರಮದ ಮಟ್ಟ ಅಳೆಯಲು ಯಂತ್ರ ಬೇಡ, ಬಾಯಿ ಸಾಕು. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದಾದರೆ ಮಧ್ಯಮ. ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ತೀವ್ರ. ಮೊದಲ ತಿಂಗಳು ಬಹುಪಾಲು ಮಧ್ಯಮದಲ್ಲೇ ಇರಿ.

ತೂಕ ಹೆಚ್ಚಿರುವವರಿಗೆ ಮೊದಲ ಆಯ್ಕೆ ಬಿರುಸಿನ ನಡಿಗೆ. ಕಲಿಯಬೇಕಾದ್ದಿಲ್ಲ, ಮಂಡಿಯ ಮೇಲೆ ಹೊರೆ ಕಡಿಮೆ, ಯಾರೂ ತಿರುಗಿ ನೋಡುವುದಿಲ್ಲ. ದಪ್ಪಗಿದ್ದೇನೆಂಬ ನಾಚಿಕೆಯಲ್ಲಿ ಆಟದ ಬಯಲಿಗೇ ಹೋಗದ ಮಗುವಿಗೆ ಈ ಕೊನೆಯದು ಸಣ್ಣ ಅನುಕೂಲವಲ್ಲ. ನಡಿಗೆಯ ಕೊರತೆಯೆಂದರೆ ಬೇಸರ. ಎರಡು ತಿಂಗಳಲ್ಲಿ ಮೈ ಒಗ್ಗಿಕೊಂಡು, ಅದೇ ವೇಗದಲ್ಲಿ ನಡೆದರೆ ಶ್ರಮವೇ ಆಗದಂತಾಗುತ್ತದೆ. ಆಗ ಏರು ದಾರಿ ಹಿಡಿಯಬೇಕು, ಇಲ್ಲವೇ ಓಟ ಬೆರೆಸಬೇಕು.

ಓಟಕ್ಕೆ ಅವಸರ ಬೇಡ. ಮೊದಲ ದಿನವೇ ದಮ್ಮು ಕಟ್ಟುವವರೆಗೆ ಓಡಿ, ಎರಡನೆಯ ದಿನ ಕಾಲು ನೋಯಿಸಿಕೊಂಡು, ಮೂರನೆಯ ದಿನ ಬಿಟ್ಟವರೇ ಹೆಚ್ಚು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ಓಟದ ವಿಷಯದಲ್ಲಿ ಅಕ್ಷರಶಃ ಸತ್ಯ. 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ 'ಕೌಚ್ ಟು 5ಕೆ' (ಕೂತಲ್ಲಿಂದ ಎದ್ದು ಐದು ಕಿಲೋಮೀಟರ್ ಓಡುವವರೆಗೆ) ಎಂಬ ಕ್ರಮ ಇಂದಿಗೂ ಹೊಸಬರಿಗೆ ಒಳ್ಳೆಯ ಮಾದರಿ: ಮೊದಲ ವಾರ ಐದು ನಿಮಿಷ ನಡಿಗೆ, ನಂತರ 60 ಸೆಕೆಂಡ್ ನಿಧಾನ ಓಟ, 90 ಸೆಕೆಂಡ್ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ, ಓಟವನ್ನು ಮೆಲ್ಲಗೆ ಹೆಚ್ಚಿಸುತ್ತಾ ಒಂಬತ್ತು ವಾರ. ಒಂದು ವಾರ ಕಷ್ಟವಾದರೆ ಅದನ್ನೇ ಮತ್ತೊಮ್ಮೆ ಮಾಡಬಹುದು. ಬೆಳೆಯುವವರು ಗಮನಿಸಬೇಕಾದ ಒಂದು ನೋವಿದೆ. ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ, ಓಡಿದಾಗ, ನೆಗೆದಾಗ ನೋಯುವುದು ಆಸ್‌ಗುಡ್-ಶ್ಲಾಟರ್ ಎಂಬ ತೊಂದರೆ ಇರಬಹುದು. ಬೆಳೆಯುತ್ತಿರುವ ಮೂಳೆಯನ್ನು ಸ್ನಾಯುರಜ್ಜು ಜಗ್ಗುವುದರಿಂದ ಬರುವ ನೋವದು, ಸಾಮಾನ್ಯವಾಗಿ ಬೆಳವಣಿಗೆ ಮುಗಿದಂತೆ ತಾನಾಗಿ ಕಡಿಮೆಯಾಗುತ್ತದೆ. ಅದನ್ನು ಸಹಿಸಿಕೊಂಡು ಓಡಬಾರದು. ಓಟ ತಗ್ಗಿಸಿ, ವೈದ್ಯರಿಗೆ ತೋರಿಸಿ, ಆ ದಿನಗಳಲ್ಲಿ ಈಜಿನ ಕಡೆ ಹೊರಳಿ.

ಸೈಕಲ್ ಮತ್ತು ಈಜು ಎರಡೂ ಮೈಯ ಭಾರವನ್ನು ತಾವೇ ಹೊರುತ್ತವೆ, ಕೀಲುಗಳಿಗೆ ನೆಮ್ಮದಿ. ತುಂಬಾ ತೂಕವಿರುವವರಿಗೆ ನೀರಿನಲ್ಲಿ ಸಿಗುವ ಹಗುರತನ ನೆಲದ ಮೇಲೆ ಸಿಗುವುದಿಲ್ಲ. ಆದರೆ ಈಜುಡುಗೆಯಲ್ಲಿ ಎಲ್ಲರ ಮುಂದೆ ನಿಲ್ಲುವ ಸಂಕೋಚ ಕೆಲವರನ್ನು ತಡೆಯುತ್ತದೆ. ಒತ್ತಾಯ ಬೇಡ. ಮೂಳೆಗೆ ಬೇಕಾದ ನೆಲದ ಪೆಟ್ಟು ಇವೆರಡರಲ್ಲೂ ಸಿಗದು, ಆದ್ದರಿಂದ ಜೊತೆಗೆ ನಡಿಗೆಯೋ ನೆಗೆತವೋ ಇರಲಿ. ಹಗ್ಗದಾಟ ಇದಕ್ಕೆ ತದ್ವಿರುದ್ಧ: ಕಡಿಮೆ ಜಾಗ, ಹೆಚ್ಚು ಶ್ರಮ, ಮೂಳೆಗೆ ಒಳ್ಳೆಯದು, ಆದರೆ ಹೆಚ್ಚು ತೂಕದ ಹೊಸಬರ ಹಿಮ್ಮಡಿ, ಮಂಡಿಗೆ ಬಿರುಸು. ಒಂದೆರಡು ತಿಂಗಳ ನಡಿಗೆಯ ನಂತರ ಮೂವತ್ತು ಸೆಕೆಂಡಿನ ಕಂತುಗಳಲ್ಲಿ ಸೇರಿಸಿಕೊಳ್ಳಿ. ಕುಣಿತ, ಚೆಂಡಾಟಗಳೂ ಈ ಪಟ್ಟಿಯವೇ, ಅವುಗಳಲ್ಲಿ ಗಡಿಯಾರ ನೋಡಬೇಕೆಂಬ ನೆನಪೇ ಬರುವುದಿಲ್ಲ.

ಎಷ್ಟು ಕ್ಯಾಲೊರಿ ಸುಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. 60 ಕಿಲೋದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 120ರಿಂದ 130 ಕ್ಯಾಲೊರಿ, ಅದೇ ಅರ್ಧ ಗಂಟೆ ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಓಡಿದರೆ 250ರ ಆಸುಪಾಸು. ಮೇಲೆ ಹೇಳಿದ ಕೋಲಾ ಡಬ್ಬಿಯಲ್ಲಿ ಸುಮಾರು 140 ಇದೆ. ಅರ್ಧ ಗಂಟೆಯ ನಡಿಗೆಗಿಂತ ಒಂದು ಡಬ್ಬಿಯನ್ನು ಬಿಡುವುದು ತೂಕದ ಮಟ್ಟಿಗೆ ಸುಲಭ. ಹಾಗೆಂದು ನಡಿಗೆ ದಂಡವಲ್ಲ. ಹೃದಯ, ನಿದ್ದೆ, ಮನಸ್ಸು, ಮೂಳೆ ಎಲ್ಲಕ್ಕೂ ಅದು ಮಾಡುವ ಉಪಕಾರ ತೂಕದ ಯಂತ್ರದಲ್ಲಿ ಕಾಣುವುದಿಲ್ಲ. ತಿಂದದ್ದಕ್ಕೆ ಶಿಕ್ಷೆಯೆಂದು ವ್ಯಾಯಾಮ ಮಾಡಬೇಡಿ, ಮಕ್ಕಳಿಂದ ಮಾಡಿಸಲೂ ಬೇಡಿ. ಶಿಕ್ಷೆಯಾದದ್ದನ್ನು ಯಾರೂ ಇಪ್ಪತ್ತೈದರ ವಯಸ್ಸಿನವರೆಗೆ ಮುಂದುವರಿಸುವುದಿಲ್ಲ.

ಮನೆಯ ಬಸ್ಕಿಯೋ, ಜಿಮ್ಮಿನ ಭಾರವೋ

ಭಾರ ಎತ್ತಿದರೆ ಎತ್ತರ ಕುಂಠಿತವಾಗುತ್ತದೆ ಎಂಬ ಹೆದರಿಕೆ ಹಳೆಯದು, ಅದಕ್ಕೆ ಆಧಾರವಿಲ್ಲ. ಸರಿಯಾದ ಕ್ರಮದಲ್ಲಿ, ತಿಳಿದವರ ಕಣ್ಣೆದುರಿನಲ್ಲಿ ಮಾಡುವ ಬಲವರ್ಧನೆಯ ವ್ಯಾಯಾಮ ಹದಿಹರೆಯದವರಿಗೆ ಸುರಕ್ಷಿತ ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2020ರಲ್ಲಿ ಮತ್ತೆ ಹೇಳಿದೆ. ಅಪಾಯವಿರುವುದು ಮೇಲ್ವಿಚಾರಣೆಯಿಲ್ಲದೆ ಗೆಳೆಯನೊಡನೆ ಪೈಪೋಟಿಗೆ ಬಿದ್ದು ಅತಿ ಭಾರ ಎತ್ತುವುದರಲ್ಲಿ.

ದಪ್ಪಗಿರುವ ಮಕ್ಕಳಿಗೆ ಬಲವರ್ಧನೆ ಇನ್ನೊಂದು ಕಾರಣಕ್ಕೂ ಒಪ್ಪುತ್ತದೆ. ಓಟದಲ್ಲಿ ಸದಾ ಹಿಂದೆ ಉಳಿಯುವ ಹುಡುಗ ಇಲ್ಲಿ ಹಲವು ಬಾರಿ ಮುಂದಿರುತ್ತಾನೆ. ತನ್ನ ಮೈ ಏನನ್ನೋ ಚೆನ್ನಾಗಿ ಮಾಡಬಲ್ಲದು ಎಂಬ ಅನುಭವ ಅವನಿಗೆ ಬಹುಶಃ ಮೊದಲ ಸಲ ಸಿಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಶಕ್ತಿ ಹೆಚ್ಚುವುದು ಸ್ನಾಯು ದಪ್ಪವಾಗಿ ಅಲ್ಲ, ನರಗಳು ಸ್ನಾಯುವನ್ನು ದುಡಿಸಿಕೊಳ್ಳಲು ಕಲಿತು. ಆದ್ದರಿಂದ ಕನ್ನಡಿಯಲ್ಲಿ ಏನೂ ಕಾಣದಿದ್ದರೂ ಮೆಟ್ಟಿಲು ಹತ್ತುವುದು ಸಲೀಸಾಗುತ್ತದೆ.

ಹೊಸಬರಿಗೆ ಮನೆಯೇ ಸಾಕು. ಕುರ್ಚಿಯಿಂದ ಎದ್ದು ಕೂರುವ ಬಸ್ಕಿ, ಗೋಡೆಗೆ ಕೈಯೂರಿ ಹೊಡೆಯುವ ದಂಡ, ಮಲಗಿ ಸೊಂಟ ಎತ್ತುವುದು, ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಎತ್ತಿ ಹಿಡಿಯುವ ಹತ್ತರಿಂದ ಇಪ್ಪತ್ತು ಸೆಕೆಂಡಿನ ಪ್ಲ್ಯಾಂಕ್. ಪ್ಲ್ಯಾಂಕ್ ಬಿಟ್ಟು ಉಳಿದ ಒಂದೊಂದನ್ನು ಎಂಟರಿಂದ ಹನ್ನೆರಡು ಬಾರಿ, ಎಲ್ಲ ಸೇರಿ ಎರಡು ಸುತ್ತು, ದಿನ ಬಿಟ್ಟು ದಿನ. ಹನ್ನೆರಡು ಬಾರಿ ಸುಲಭವಾದ ಮೇಲೆ ಗೋಡೆಯ ದಂಡ ಮೇಜಿಗೆ, ಮೇಜಿನಿಂದ ನೆಲಕ್ಕೆ ಇಳಿಯಲಿ. ಎರಡು ಮೂರು ತಿಂಗಳು ಇದನ್ನು ಬಿಡದೆ ಮಾಡಿ, ಇನ್ನೂ ಹಂಬಲವಿದ್ದರೆ ಜಿಮ್ ಸೇರಬಹುದು, ಹದಿಹರೆಯದವರಿಗೆ ಕಲಿಸಿ ಅನುಭವವಿರುವ ತರಬೇತುದಾರರಿದ್ದರೆ ಮಾತ್ರ. ಹತ್ತು ದಿನದಲ್ಲಿ ಹೊಟ್ಟೆ ಕರಗಿಸುವ ವೀಡಿಯೊಗಳನ್ನು ನಂಬಬೇಡಿ. ಹೊಟ್ಟೆಯ ವ್ಯಾಯಾಮ ಹೊಟ್ಟೆಯ ಸ್ನಾಯುವನ್ನು ಬಲಪಡಿಸುತ್ತದೆ, ಅಲ್ಲಿನ ಕೊಬ್ಬನ್ನೇ ಆರಿಸಿ ಕರಗಿಸುವುದಿಲ್ಲ.

ಒಬ್ಬರೇ ಮಾಡುವುದೋ, ಜೊತೆಯಲ್ಲೋ? ಸಂಕೋಚವಿದ್ದರೆ ಮೊದಲು ಒಬ್ಬರೇ, ಮೈ ಸಡಿಲವಾದ ಮೇಲೆ ಜೊತೆಯಲ್ಲಿ. ಬೆಳಗ್ಗೆಯೋ ಸಂಜೆಯೋ ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನಿದ್ದೆ ಕತ್ತರಿಸಿ ಬೆಳಗ್ಗೆ ಎದ್ದೋಡುವುದು ಮಾತ್ರ ನಷ್ಟದ ವ್ಯಾಪಾರ. 13ರಿಂದ 18 ವರ್ಷದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮರುದಿನ ಹಸಿವೂ ಸಿಹಿಯ ಆಸೆಯೂ ಹೆಚ್ಚುತ್ತವೆ.

ಏನನ್ನು ಅಳೆಯಬೇಕು

ಊಟ, ನೀರು, ಉಪ್ಪು, ಮುಟ್ಟಿನ ದಿನಗಳಿಗೆ ತಕ್ಕಂತೆ ತೂಕ ದಿನದಿಂದ ದಿನಕ್ಕೆ ಒಂದೆರಡು ಕಿಲೋ ಏರಿಳಿಯಬಹುದು. ದಿನವೂ ಯಂತ್ರ ಹತ್ತುವ ಮಗು ಈ ಏರಿಳಿತವನ್ನು ತನ್ನ ಗೆಲುವು ಸೋಲೆಂದು ಓದಿಕೊಳ್ಳುತ್ತದೆ. ನನ್ನ ಆಯ್ಕೆ ಪುಟ್ಟ ನೋಟ್‌ಬುಕ್. ಎಷ್ಟು ನಿಮಿಷ ನಿಲ್ಲದೆ ನಡೆದೆ, ಎಷ್ಟು ಬಸ್ಕಿ ಹೊಡೆದೆ, ಮೆಟ್ಟಿಲು ಹತ್ತಿದಾಗ ಉಸಿರು ಹೇಗಿತ್ತು, ನಿನ್ನೆ ಎಷ್ಟು ಹೊತ್ತು ಮಲಗಿದೆ. ಎತ್ತರ, ತೂಕಗಳನ್ನು ಮೂರು ತಿಂಗಳಿಗೊಮ್ಮೆ ಒಟ್ಟಿಗೇ ಅಳೆದು ನಕ್ಷೆಯಲ್ಲಿ ಗುರುತಿಸಿದರೆ ಸಾಕು.

ಮನೆಯವರಿಗೆ ಒಂದು ವಿನಂತಿ. ಮಗುವಿಗೊಂದು ತಟ್ಟೆ, ಉಳಿದವರಿಗೊಂದು ತಟ್ಟೆ ಎಂಬ ಏರ್ಪಾಡು ಮಾಡಬೇಡಿ. ಬದಲಾಗುವುದಾದರೆ ಮನೆಯ ಊಟವೇ ಬದಲಾಗಲಿ. ಗುಂಡ, ಡುಮ್ಮಿ ಎಂಬ ಮುದ್ದಿನ ಹೆಸರುಗಳೂ ನೋಯಿಸುತ್ತವೆ. ತೂಕದ ಬಗ್ಗೆ ಆಡುವ ಮಾತು, ಪ್ರೀತಿಯಿಂದ ಆಡಿದರೂ, ಗುಟ್ಟಾಗಿ ತಿನ್ನುವುದನ್ನೂ ಗುಟ್ಟಾಗಿ ಹಸಿದಿರುವುದನ್ನೂ ಕಲಿಸುತ್ತದೆ.

ಯಾವುದನ್ನೂ ಆರಿಸುವ ಮೊದಲೇ ವೈದ್ಯರ ಬಳಿ ಹೋಗಬೇಕಾದವರಿದ್ದಾರೆ: ಆಸ್ತಮಾ, ಹೃದಯದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರು, ಶ್ರಮಪಟ್ಟಾಗ ಎದೆ ನೋಯುವವರು, ತಲೆ ಸುತ್ತಿ ಬೀಳುವವರು, ಕಾರಣವಿಲ್ಲದೆ ತೂಕ ದಿಢೀರನೆ ಏರಿದವರು ಅಥವಾ ಇಳಿದವರು. ಶುರು ಮಾಡಿದ ನಂತರ ಮೂರು ತಿಂಗಳು ಮುಟ್ಟು ನಿಂತರೆ, ಊಟದ ಹೊತ್ತಿಗೆ ನೆಪ ಹೇಳಿ ತಪ್ಪಿಸಿಕೊಂಡರೆ, ಉಂಡ ತಕ್ಷಣ ಬಚ್ಚಲು ಸೇರಿದರೆ, ಜ್ವರದಲ್ಲೂ ವ್ಯಾಯಾಮ ಬಿಡದಿದ್ದರೆ ತೂಕ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ತಿನ್ನುವ ಕಾಯಿಲೆ ತೆಳ್ಳಗಿರುವವರಿಗೆ ಮಾತ್ರ ಬರುವುದಲ್ಲ. ದಪ್ಪಗಿರುವ ಮಗು ವೇಗವಾಗಿ ತೆಳ್ಳಗಾಗುವಾಗ ಎಲ್ಲರೂ ಶಭಾಷ್ ಎನ್ನುತ್ತಿರುತ್ತಾರೆ, ಕಾಯಿಲೆ ಆ ಹೊಗಳಿಕೆಯ ಹಿಂದೆಯೇ ಬೆಳೆಯುತ್ತಿರುತ್ತದೆ.

ಇಷ್ಟು ಓದಿಯೂ ಯಾವುದೆಂದು ತೋಚದಿದ್ದರೆ ಇಂದಿನ ಮಟ್ಟಿಗೆ ಇಷ್ಟು: ಸಿಹಿ ಪಾನೀಯದ ಬದಲು ನೀರು, ಸಂಜೆ ಹದಿನೈದು ನಿಮಿಷ ಬಿರುಸಿನ ನಡಿಗೆ, ವಾರದಲ್ಲಿ ಮೂರು ದಿನ ನಡಿಗೆಯ ನಂತರ ಕುರ್ಚಿಯ ಬಸ್ಕಿ ಎಂಟು, ಗೋಡೆಯ ದಂಡ ಎಂಟು. ಹದಿನೈದು ನಿಮಿಷ ಹಗುರವಾದ ವಾರ ಅದನ್ನು ಇಪ್ಪತ್ತು ಮಾಡಿ.